ನೆಡುವ ದುಡ್ಡು ಜೂನ್‌ಗೆ, ಕಸ ತೆಗೆಯುವ ದುಡ್ಡು ಮಾರ್ಚ್‌ಗೆ

ಧಾರವಾಡ ಜಿಲ್ಲಾಧಿಕಾರಿಗಳಿಗೆ ಗಬ್ಬೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೆ,

ಧಾರವಾಡದಿಂದ ಬೆಂಗಳೂರಿನ ಕಡೆ ಹೊರಟಾಗಲೆಲ್ಲ ತಾವು ನಮ್ಮೂರನ್ನು ದಾಟಿಯೇ ಹೋಗುತ್ತೀರಿ. ನರೇಂದ್ರ ಕ್ರಾಸ್‌ನಲ್ಲಿ ಶುರುವಾಗುವ ಬೈಪಾಸು ಹುಬ್ಬಳ್ಳಿಯ ಪೇಟೆಯನ್ನು ಬಳಸಿಕೊಂಡು ಬಂದು ಹಳೆಯ ಪುಣೆ-ಬೆಂಗಳೂರು ರಸ್ತೆಯನ್ನು ಮತ್ತೆ ಕೂಡುವುದು ಗಬ್ಬೂರ ಕ್ರಾಸ್‌ನಲ್ಲಿ. ಅಲ್ಲಿ ಕಾರಿನ ಕಿಟಕಿಯಿಂದ ಹೊರಗೆ ನೋಡಿದರೆ ಎರೆಹೊಲ, ಅರ್ಧ ಎದ್ದ ಗೋದಾಮು, ಕಲ್ಲು ನೆಟ್ಟು ಬಿಟ್ಟ ಲೇಔಟು, ಇವುಗಳ ನಡುವೆ ಅಲ್ಲಲ್ಲಿ ಹಸಿರಾಗಿ ಕಾಣುವ ತುಂಡುಗಳು. ದೂರದಿಂದ ನೋಡಿದವರಿಗೆ ಸಂತೋಷವಾಗುತ್ತದೆ. ಇಳಿದು ಹತ್ತಿರ ಹೋದರೆ ಆ ಹಸಿರಿನಲ್ಲಿ ಬಹುಪಾಲು ಕಾಂಗ್ರೆಸ್ ಕಸ ಮತ್ತು ಬಳ್ಳಾರಿ ಜಾಲಿ. ಉಳಿದ ಸ್ವಲ್ಪ ಮಾತ್ರ ಜನ ಹಚ್ಚಿ, ನೀರು ಹೊತ್ತು, ಕಾದು ಉಳಿಸಿಕೊಂಡ ಗಿಡ. ಈ ಪತ್ರ ಆ ಸ್ವಲ್ಪದ ಪರವಾಗಿ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ತಮ್ಮ ಸಮಯ ಉಳಿಯಲಿ. ಸಾರ್ವಜನಿಕ ಜಾಗದಲ್ಲಿ ಗಿಡ ಹಚ್ಚುವುದಕ್ಕೆ ಸಸಿ, ತಗ್ಗು, ಬ್ಯಾನರು, ಭಾಷಣ ಎಲ್ಲವೂ ಜೂನ್ 5ರ ಪರಿಸರ ದಿನಕ್ಕೆ ಸರಿಯಾಗಿ ಒದಗುತ್ತವೆ. ಆ ಗಿಡದ ಬುಡದ ಕಸ ತೆಗೆಯಲು ದುಡ್ಡು ಬಂದರೆ ಬರುವುದು ಮಾರ್ಚ್ ತಿಂಗಳ ಕೊನೆಯ ವಾರಕ್ಕೆ, ಲೆಕ್ಕ ಮುಚ್ಚುವ ಅವಸರದಲ್ಲಿ. ಕಸ ಮೇಲೇಳುವುದು ಆರಿದ್ರಾ ಮಳೆಯಿಂದ ಹುಬ್ಬಿ ಮಳೆಯವರೆಗೆ. ಮೊಲ ಸಸಿ ಕಡಿಯುವುದು ಸಂಕ್ರಾಂತಿ ದಾಟಿ, ಹೊಲದ ಹಸಿರೆಲ್ಲ ಕಿತ್ತುಹೋದ ಮೇಲೆ. ಖಜಾನೆಯ ಪಂಚಾಂಗಕ್ಕೂ ಮಳೆಯ ಪಂಚಾಂಗಕ್ಕೂ ಹೊಂದಿಕೆಯೇ ಇಲ್ಲ. ದೊಡ್ಡ ಮೊತ್ತವೇನೂ ಬೇಡ. ಇರುವ ಸಣ್ಣ ಮೊತ್ತವನ್ನೇ ಮಳೆ ನೋಡಿ ಬಿಡಿ, ಮತ್ತು ಯಾವ ಕಸವನ್ನು ಎಂದು ತೆಗೆಯಬೇಕೆಂಬ ತೀರ್ಮಾನವನ್ನು ಆ ಜಾಗ ಕಾಯುವ ಜನಕ್ಕೆ ಬಿಡಿ.

ನಾವು ಗಬ್ಬೂರಿನವರು ಕೆಲವರು ಹಳ್ಳದ ದಂಡೆಯ ಒಂದು ಪಟ್ಟಿಯನ್ನು ನೋಡಿಕೊಳ್ಳುತ್ತ ಬಂದಿದ್ದೇವೆ. ಬೇವು, ಹೊಂಗೆ, ಬನ್ನಿ, ಹುಣಸೆ, ಆಲ, ಅತ್ತಿ ಹಚ್ಚಿದ್ದೇವೆ. ನೋಂದಣಿಯಾದ ಸಂಘವಿಲ್ಲ, ಬೋರ್ಡಿಲ್ಲ. ಕಸ ತೆಗೆಯಲು ಬರುವವರಲ್ಲಿ ಹೆಚ್ಚಿನವರು ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು. ಇಂಥ ಪಟ್ಟಿಗಳು ಹುಬ್ಬಳ್ಳಿ-ಧಾರವಾಡದ ಅಂಚಿನ ಹಳ್ಳಿಗಳಲ್ಲಿ ಇನ್ನೂ ಇವೆ. ಗಾಯರಾಣದ ಚೂರು, ಕೆರೆಯ ಏರಿ, ಸ್ಮಶಾನದ ಸುತ್ತ, ಶಾಲೆಯ ಹಿಂದೆ. ಎಲ್ಲ ಕಡೆಯೂ ಗೋಳು ಒಂದೇ.

ಮೊದಲು ಕಸದ ಮಾತು. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಅಮೆರಿಕದ ಗೋಧಿಯ ಜೊತೆ ಬಂತು ಎನ್ನುವ ಮಾತು ಮನೆಮಾತಾಗಿದೆ. ಪುಣೆಯಿಂದ ನಮ್ಮ ತನಕ ಬರಲು ಅದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ, ರಸ್ತೆಯೂ ರೈಲೂ ಇದ್ದವು. ಒಂದು ಗಿಡ 15,000ದಿಂದ 25,000ದವರೆಗೆ ಬೀಜ ಉದುರಿಸುತ್ತದೆ. ಮೊಳೆತು ತಿಂಗಳು ಒಂದೂವರೆ ತಿಂಗಳಿಗೆ ಹೂ ಬಿಡುತ್ತದೆ. ಕರ್ನಾಟಕ ಸರ್ಕಾರ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಇದನ್ನು ಅಪಾಯಕಾರಿ ಕಳೆ ಎಂದು ಸಾರಿದ್ದು 1975ರಲ್ಲಿ. ಅಂದರೆ ಈ ಕಸ ನಿಲ್ಲಬಾರದು ಎಂದು ಸರ್ಕಾರವೇ ಹೇಳಿ ಅರ್ಧ ಶತಮಾನವಾಯಿತು. ಅದು ಹೆಚ್ಚು ದಟ್ಟವಾಗಿ ಬೆಳೆದಿರುವುದು ಸರ್ಕಾರದ ಜಾಗದಲ್ಲೇ, ರಸ್ತೆಯ ಬದಿಗೆ, ಹಂಚಿಕೆಯಾಗದೆ ಬಿದ್ದ ಸೈಟಿನಲ್ಲಿ, ಕಚೇರಿಗಳ ಕಾಂಪೌಂಡಿನೊಳಗೆ. ರೈತನ ಹೊಲದಲ್ಲಿ ಕಡಿಮೆ, ಯಾಕೆಂದರೆ ಅವನು ಎಡೆ ಹೊಡೆಯುತ್ತಾನೆ.

ಇದರ ವಿರುದ್ಧ ನಮ್ಮ ನಾಡಿನ ವಿಜ್ಞಾನಿಗಳು ಕೈಕಟ್ಟಿ ಕೂತಿರಲಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದಿಂದ ಒಂದು ದುಂಬಿ ತರಿಸಿ 1984ರಲ್ಲಿ ಬಿಟ್ಟರು. ಹೆಸರು ಜೈಗೋಗ್ರಾಮಾ ಬೈಕಲರೇಟಾ. ಬಿಳಿ ಮೈಗೆ ಕಂದು ಗೆರೆ ಎಳೆದಂತಿರುವ ಈ ಹುಳ ಈಗ ಗಬ್ಬೂರಿನಲ್ಲೂ ಇದೆ. ಮುಂಗಾರು ಕುದುರಿದ ಮೇಲೆ ಕಾಂಗ್ರೆಸ್ ಕಸದ ತುದಿಯಲ್ಲಿ ಗುಂಪಾಗಿ ಕೂತಿರುತ್ತದೆ. ನಡುವೆ ಅದು ಸೂರ್ಯಕಾಂತಿಯನ್ನೂ ತಿನ್ನುತ್ತದೆ ಎಂದು ದೊಡ್ಡ ಗದ್ದಲವಾಗಿ, ಕೇಂದ್ರ ಸರ್ಕಾರ ಸಮಿತಿ ಕೂರಿಸಿ ವಿಚಾರಿಸಬೇಕಾಯಿತು. ಸೂರ್ಯಕಾಂತಿ ಉಳಿಯಿತು, ದುಂಬಿಯೂ ಉಳಿಯಿತು. ಚಳಿ ಬಿದ್ದರೆ ಅದು ಮಣ್ಣಿಗಿಳಿದು ಮುಂದಿನ ಮಳೆಯವರೆಗೆ ಮಲಗುತ್ತದೆ. ಆದ್ದರಿಂದ ಅದರ ಕೆಲಸಕ್ಕೆ ವೇಳೆಯಿದೆ. ದುಂಬಿ ಮೇಯುತ್ತಿರುವ ಹೊತ್ತಿನಲ್ಲೇ ಯಾರಾದರೂ ಬಂದು ಔಷಧ ಹೊಡೆದು ಹೋದರೆ, ಸಂಬಳ ಕೇಳದೆ ದುಡಿಯುತ್ತಿದ್ದ ಆಳನ್ನೇ ಓಡಿಸಿದ ಹಾಗಾಯಿತು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೊಡುಗೆ ಇನ್ನೊಂದು ಬಗೆಯದು. ಅಲ್ಲಿ ಕುಲಪತಿಗಳಾಗಿದ್ದ ಭತ್ತದ ತಳಿವಿಜ್ಞಾನಿ ಡಾ. ಎಂ. ಮಹದೇವಪ್ಪನವರು ಪಾರ್ಥೇನಿಯಂ ಹಿಂದೆ ಬಿದ್ದು ವರ್ಷಗಟ್ಟಲೆ ಕೆಲಸ ಮಾಡಿದರು. ಕ್ಯಾಸಿಯಾ ಜಾತಿಯ ಒಂದು ಗಿಡ ದಟ್ಟವಾಗಿ ಎದ್ದು ಕಾಂಗ್ರೆಸ್ ಕಸವನ್ನು ಹತ್ತಿಕ್ಕುತ್ತದೆ ಎಂಬುದನ್ನು ಈ ಭಾಗದಲ್ಲೇ ಗಮನಿಸಿ, ಅದರ ಬೀಜ ಎರಚಿ ನೋಡಿದ್ದೂ ಆಯಿತು. ನನ್ನ ಅಭಿಪ್ರಾಯ ಕೇಳಿದರೆ, ರಸ್ತೆಬದಿಗೆ ಅದು ನಡೆದೀತು, ಸಸಿ ಹಚ್ಚಿದ ಜಾಗಕ್ಕೆ ಬೇಡ. ಆ ಕ್ಯಾಸಿಯಾವೂ ಅಮೆರಿಕದಿಂದ ಬಂದದ್ದೇ. ಒಬ್ಬ ಬಾಡಿಗೆದಾರನನ್ನು ಬಿಡಿಸಲು ಇನ್ನೊಬ್ಬನನ್ನು ಮನೆಯೊಳಗೆ ಕರೆದುಕೊಂಡರೆ ಮನೆ ನಮ್ಮದಾಗುವುದು ಯಾವಾಗ?

ಹಳ್ಳದ ದಂಡೆಯಲ್ಲಿ ನಡೆಯುವುದು ಕೊನೆಗೂ ಕೈಯಿಂದ ಕೀಳುವ ಕೆಲಸವೇ. ಅದಕ್ಕೂ ಒಂದು ಹದವಿದೆ. ಎರೆಮಣ್ಣು ಪೂರ್ತಿ ಹಸಿಯಾಗಿದ್ದರೆ ಕಾಲಿಡಲು ಆಗುವುದಿಲ್ಲ, ಮೆಟ್ಟಿಗೆ ಮಣ್ಣಿನ ಹೆಂಟೆಯೇ ಅಂಟಿ ಬರುತ್ತದೆ. ಒಣಗಿತೋ, ಬೇರು ಅರ್ಧಕ್ಕೆ ತುಂಡಾಗಿ ಬುಡ ಒಳಗೇ ಉಳಿಯುತ್ತದೆ. ಮಳೆ ಹೊಳವು ಕೊಟ್ಟ ಎರಡನೆಯ ಮೂರನೆಯ ದಿನ ಸರಿಯಾದ ದಿನ. ಆಗ ಬುಡ ಹಿಡಿದು ಎಳೆದರೆ ಬೇರುಸಹಿತ ಬರುತ್ತದೆ. ಹೂ ಬಿಡುವ ಮೊದಲು ಕಿತ್ತದ್ದನ್ನು ಅಲ್ಲೇ ಸಸಿಯ ಬುಡಕ್ಕೆ ಹೊದಿಸಬಹುದು. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಎಳೆ ಬೇರು ಹರಿಯುವುದನ್ನು ಆ ಹೊದಿಕೆ ತಡೆಯುತ್ತದೆ. ಹೂ ಬಿಟ್ಟ ಮೇಲೆ ಕಿತ್ತರೆ ನಾವೇ ಬಿತ್ತನೆ ಮಾಡಿದ ಹಾಗೆ. ಹೊಳವಿನ ಆ ಎರಡು ದಿನ ಯಾವ ವಾರದಲ್ಲಿ ಬೀಳುತ್ತದೆ ಎಂದು ಯಾವ ಟೆಂಡರು ಮೊದಲೇ ಬರೆದಿಡಬಲ್ಲದು?

ಕಸ ಕಿತ್ತವರ ಮೈ ನೋಡಿದ್ದೀರಾ? ಮೊಣಕೈ ಒಳಗೆ, ಕುತ್ತಿಗೆಯ ಸುತ್ತ, ಕಣ್ಣಿನ ರೆಪ್ಪೆಯ ಮೇಲೆ ದಡಸಲು ಏಳುತ್ತದೆ, ತುರಿಕೆ ಹತ್ತಿದರೆ ರಾತ್ರಿ ನಿದ್ದೆಯಿಲ್ಲ. ಕೆಲವರಿಗೆ ಒಮ್ಮೆ ಹತ್ತಿದರೆ ಮುಂದೆ ಆ ಗಿಡದ ಗಾಳಿಯೂ ಆಗುವುದಿಲ್ಲ. ಕೈಗವಸು, ಉದ್ದ ತೋಳಿನ ಹಳೆಯ ಅಂಗಿ, ಕೆಲಸ ಮುಗಿದ ಮೇಲೆ ಸೋಪು ನೀರು. ಇಷ್ಟಕ್ಕೂ ಯಾವ ಅಂದಾಜುಪಟ್ಟಿಯಲ್ಲೂ ಒಂದು ಸಾಲು ಇಲ್ಲ. ಗುಂಪಿನಲ್ಲಿ ಹಿರಿಯರಾದ ಒಬ್ಬ ತಾಯಿ ಅಂದದ್ದು: “ಗಿಡಾ ಹಚ್ಚೋವ್ರಿಗೆ ಹಾರ ಹಾಕ್ತೀರಿ, ಕಸಾ ಕೀಳೋವ್ರಿಗೆ ಒಂದ್ ಜೋಡ್ ಕೈಚೀಲಾನೂ ಇಲ್ಲೇನ್ರೀ?”

ಬಳ್ಳಾರಿ ಜಾಲಿಯ ಕತೆ ಬೇರೆ. ಅದು ಬಡವರ ಒಲೆಯ ಸೌದೆ, ಆಡಿನ ಮೇವು, ಇದ್ದಲಿಯ ವ್ಯಾಪಾರ. ಅದನ್ನು ಒಮ್ಮೆಲೇ ವೈರಿ ಎಂದು ಸಾರುವುದು ನನ್ನಿಂದಾಗದು. ಆದರೆ ಅದರ ಕೆಳಗೆ ನಮ್ಮ ಬನ್ನಿ, ಬೇವು ಏಳುವುದಿಲ್ಲ. ಕಾಯಿ ತಿಂದ ಆಡು-ಕುರಿ ಹೋದಲ್ಲೆಲ್ಲ ಹಿಕ್ಕೆಯ ಜೊತೆ ಬೀಜ ಬೀಳುತ್ತದೆ. ನೆಲದ ಮೇಲೆ ಕಡಿದರೆ ಒಂದು ಟೊಂಗೆ ಇದ್ದಲ್ಲಿ ನಾಲ್ಕು ಚಿಗುರುತ್ತವೆ. ಬುಡದ ಗಡ್ಡೆಯ ಕೆಳಗೆ ಗುದ್ದಲಿ ಇಳಿಸಿ ಅಗೆದು ತೆಗೆಯಬೇಕು. ಜೆಸಿಬಿ ತಂದರೆ ಒಂದು ದಿನದ ಕೆಲಸ ನಿಜ, ಅದರ ಜೊತೆ ದಂಡೆಯ ಮೇಲ್ಮಣ್ಣೂ ಹೋಗುತ್ತದೆ, ತಾನಾಗಿ ಹುಟ್ಟಿದ ಸಣ್ಣ ಬೇವೂ ಹೋಗುತ್ತದೆ, ಮುಂದಿನ ಮಳೆಗೆ ಆ ಬೋಳು ನೆಲದ ಮೇಲೆ ಮೊದಲು ಏಳುವುದು ಕಾಂಗ್ರೆಸ್ ಕಸ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೇ ಈ ಜಾಲಿಗೆ ಕಡಿಯುವ ಪರವಾನಗಿಯಿಂದ ವಿನಾಯಿತಿ ಇದೆ. ತೊಡಕಿರುವುದು ನೆಲ ಯಾರದು ಎಂಬಲ್ಲಿ. ಸರ್ಕಾರಿ ಜಾಗದ ಜಾಲಿಯನ್ನು ಬೇರುಸಹಿತ ತೆಗೆದವರಿಗೆ ಸೌದೆ ಅವರದೇ ಎಂದು ಒಂದು ಸಾಲಿನ ಆದೇಶ ತಮ್ಮಿಂದ ಹೊರಟರೆ, ಊರವರು ತಾವಾಗಿಯೇ ಗುದ್ದಲಿ ಹಿಡಿಯುತ್ತಾರೆ.

ಇನ್ನು ಮೊಲದ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರ್ಜಿಯಲ್ಲಿ ಬರೆದರೆ ಕಚೇರಿಯಲ್ಲಿ ನಗುತ್ತಾರೆ. ಆನೆ ಬಂತೆಂದರೆ ಫೈಲು ಓಡುತ್ತದೆ, ಮೊಲ ಬಂತೆಂದರೆ ಯಾರು ಕೇಳುತ್ತಾರೆ?

ಸಸಿ ಸತ್ತಾಗಲೆಲ್ಲ ಗೂಬೆ ಕೂರುವುದು ಕುರಿಗಾರರ ಮೇಲೆ. ಬೇಸಿಗೆಯಲ್ಲಿ ಅವರ ಹಿಂಡು ಹಳ್ಳಕ್ಕೆ ನೀರಿಗೆ ಬರುತ್ತದೆ, ಬಂದದ್ದು ಎಲ್ಲರಿಗೂ ಕಾಣುತ್ತದೆ. ಮೊಲ ಬರುವುದು ರಾತ್ರಿ, ಯಾರಿಗೂ ಕಾಣುವುದಿಲ್ಲ. ಆದರೆ ಗುರುತು ಬಿಟ್ಟು ಹೋಗುತ್ತದೆ. ಆಡಿಗೂ ಕುರಿಗೂ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಅವು ಚಿಗುರನ್ನು ಹಿಡಿದು ಎಳೆದು ಹರಿಯುತ್ತವೆ, ತುದಿಯಲ್ಲಿ ನಾರು ಎದ್ದಿರುತ್ತದೆ. ಮೊಲ ಕಡಿದ ಸಸಿಯ ತುದಿ ನುಣ್ಣಗೆ, ಓರೆಯಾಗಿ ಕೊಯ್ದಿರುತ್ತದೆ. ಆ ಕಡಿತದ ಎತ್ತರ ಮೊಣಕಾಲಿನಿಂದ ಮೇಲೆ ಹೆಚ್ಚು ಹೋಗುವುದಿಲ್ಲ. ಹಿಂಗಾಲ ಮೇಲೆ ನಿಂತರೆ ಎರಡಡಿಯಷ್ಟು. ಎಷ್ಟೋ ಸಲ ಕಡಿದ ತುಂಡನ್ನು ತಿನ್ನದೆ ಅಲ್ಲೇ ಬಿಟ್ಟು ಹೋಗಿರುತ್ತದೆ. ಹತ್ತಿರದಲ್ಲೇ ಹಿಕ್ಕೆ ಬಿದ್ದಿರುತ್ತದೆ, ದುಂಡಗೆ, ಕೊಂಚ ಚಪ್ಪಟೆ, ಬೆರಳಲ್ಲಿ ಹಿಸುಕಿದರೆ ಬರೀ ನಾರು. ಆಡಿನ ಹಿಕ್ಕೆ ಉದ್ದ, ನುಣುಪು. ಇಷ್ಟು ಗೊತ್ತಾದ ಮೇಲೆ ನಮ್ಮಲ್ಲಿ ಕುರಿಗಾರರ ಜೊತೆ ಜಗಳ ಕಡಿಮೆಯಾಗಿದೆ.

ಮೊಲ ಕೊಲ್ಲಿ ಎಂದು ಈ ಪತ್ರ ಕೇಳುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಮೊಲವಿದೆ, ಹಿಡಿಯುವುದೂ ಕೊಲ್ಲುವುದೂ ಅಪರಾಧ. ಆದರೂ ಹಬ್ಬದ ಹೊತ್ತಿಗೆ ಬಲೆ, ನಾಯಿ, ತಂತಿಯ ಉರುಲು ಹೊರಬರುತ್ತವೆ ಎಂಬುದು ಈ ಭಾಗದಲ್ಲಿ ಗುಟ್ಟೇನಲ್ಲ. ಉರುಲಿಗೆ ಮೊಲವೇ ಬೀಳಬೇಕೆಂದಿಲ್ಲ, ನವಿಲೂ ಬೀಳುತ್ತದೆ, ನರಿಯೂ ಬೀಳುತ್ತದೆ. ನರಿ ಹೋದರೆ ಮೊಲ ತಿನ್ನುವವರೇ ಹೋದರು. ವಿಷ ಇಡುವ ಮಾತು ಆಡುವವರೂ ಇದ್ದಾರೆ. ಅದರ ಮೇಲೆ ತಮ್ಮ ಕಣ್ಣಿರಲಿ.

ಆಸ್ಟ್ರೇಲಿಯಾದಲ್ಲಿ ಊರವರೇ ಗಿಡ ಬೆಳೆಸುವ ಜಾಗಗಳಲ್ಲಿ ಮೊಲಗಳನ್ನು ಕೊಲ್ಲುತ್ತಾರಲ್ಲ ಎಂದು ಓದಿಕೊಂಡ ಹುಡುಗರು ಕೇಳುತ್ತಾರೆ. ಅಲ್ಲಿನ ಲೆಕ್ಕವೇ ಬೇರೆ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಶೋಕಿಗೆ ಇಂಗ್ಲೆಂಡಿನಿಂದ ಇಪ್ಪತ್ತು ಚಿಲ್ಲರೆ ಮೊಲ ತರಿಸಿ ವಿಕ್ಟೋರಿಯಾದಲ್ಲಿ ಬಿಟ್ಟ. ಅವು ಖಂಡವನ್ನೇ ಮುತ್ತಿದವು. ಪಶ್ಚಿಮ ಆಸ್ಟ್ರೇಲಿಯಾದವರು 1901ರಿಂದ 1907ರವರೆಗೆ ಸಾವಿರಾರು ಕಿಲೋಮೀಟರ್ ಬೇಲಿ ಹಾಕಿದರು, ಮೊಲ ಅದನ್ನೂ ದಾಟಿತು. 1950ರಲ್ಲಿ ಮಿಕ್ಸೊಮಟೋಸಿಸ್ ರೋಗವನ್ನೇ ಹಬ್ಬಿಸಿದರು. ಆ ಮೊಲ ಬಿಲ ತೋಡುವ, ಅಲ್ಲಿಗೆ ಹೊರಗಿನಿಂದ ಬಂದ ಜಾತಿ. ನಮ್ಮದು ಬಿಲ ತೋಡದ ಕಾಡುಮೊಲ, ಇದೇ ಮಣ್ಣಿನದು. ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಗಿ ಹಂಪಿಗೆ ಜಾಗ ತೋರಿಸಿತು ಎಂದು ನಾವೇ ಕತೆ ಹೇಳಿಕೊಂಡಿರುವ ಪ್ರಾಣಿ. ಅಲ್ಲಿ ಹೊರಗಿನಿಂದ ಬಂದದ್ದು ಮೊಲ. ಇಲ್ಲಿ ಹೊರಗಿನಿಂದ ಬಂದದ್ದು ಕಸ.

ಕಸದ ಮತ್ತು ಮೊಲದ ಸಮಸ್ಯೆ ನಮ್ಮ ದಂಡೆಯಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ತಮ್ಮ ಗಮನಕ್ಕೆ ತರಬೇಕಿದೆ. ಮೊಲ ಹಗಲೆಲ್ಲ ಕಂಟಿಯ ಬುಡದಲ್ಲಿ ಮೈಯಷ್ಟಗಲದ ತಗ್ಗು ಮಾಡಿಕೊಂಡು ಮಲಗುತ್ತದೆ. ಅದಕ್ಕೆ ಬೇಕಾದ ಮರೆಯನ್ನು ಬಳ್ಳಾರಿ ಜಾಲಿ ಸಸಿಯ ಸಾಲಿನ ಪಕ್ಕದಲ್ಲೇ ಒದಗಿಸಿದೆ. ರಾತ್ರಿ ಎದ್ದು ಅದು ಹುಡುಕುವುದು ಹುಲ್ಲು, ಕರಿಕೆ, ಎಳೆಯ ಸೊಪ್ಪು. ಆ ಹುಲ್ಲಿನ ಜಾಗವನ್ನು ಕಾಂಗ್ರೆಸ್ ಕಸ ಹಿಡಿದಿದೆ, ಅದನ್ನು ಮೊಲ ಮುಟ್ಟುವುದಿಲ್ಲ. ಮಲಗಲು ಮನೆ ಸಿಕ್ಕಿತು, ಊಟ ಹೋಯಿತು. ಉಳಿದದ್ದು ನಾವು ಹಚ್ಚಿದ ಬನ್ನಿ. ಸುತ್ತಲಿನ ಶೇಂಗಾ, ಕಡಲೆಯ ಹೊಲಗಳು ಲೇಔಟಾಗಿ, ಗೋದಾಮಾಗಿ, ಅಗಲವಾಗುತ್ತಿರುವ ಬೈಪಾಸಿನ ಪಾಲಾಗಿ ಕರಗುತ್ತ ಬಂದಂತೆ ಮೊಲವೂ ಇದೇ ಪಟ್ಟಿಗೆ ಒತ್ತರಿಸಿಕೊಂಡು ಬಂದಿದೆ.

ಇಂಥ ಜಾಗಕ್ಕೆ ಮಾರ್ಚಿನಲ್ಲಿ ಬಂದು, ಬಿಲ್ಲಿಗಾಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲ ಕೆರೆದು ಬೋಳು ಮಾಡಿದರೆ ಏನಾಗುತ್ತದೆ? ನಮ್ಮಲ್ಲಿ ಒಮ್ಮೆ ಆಗಿದೆ. ಯಾವ ಇಲಾಖೆ, ಯಾರ ಗುತ್ತಿಗೆ ಎಂದು ಹೇಳಹೋಗುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಕಸದ ಜೊತೆ ಕರಿಕೆಯೂ ಹೋಯಿತು. ಹಳ್ಳದ ತೇವಕ್ಕೆ ಅಲ್ಲಿ ಇಲ್ಲಿ ಹಸಿರು ಹಿಡಿದುಕೊಂಡಿದ್ದ ಒಂದಿಷ್ಟು ಹುಲ್ಲೂ ಹೋಯಿತು. ಇಡೀ ದಂಡೆಯಲ್ಲಿ ಹಸಿರಾಗಿ ನಿಂತದ್ದು ಸಸಿ ಮಾತ್ರ. ವಾರದೊಳಗೆ ಸಾಲು ಸಾಲು ಸಸಿಗಳ ತುದಿ ಓರೆಯಾಗಿ ಕತ್ತರಿಸಿ ಬಿದ್ದಿದ್ದವು. ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು, ನೆಲ ಕನ್ನಡಿಯಂತೆ ಶುಚಿ. ಬದುಕುಳಿದ ಸಸಿಗಳ ಪ್ರಮಾಣ ಎಂಬ ಕಾಲಮ್ಮಿನಲ್ಲಿ ಅದೇ ತಿಂಗಳು ಏನು ತುಂಬಿದರೋ ತಿಳಿಯದು. ಅಂಥ ಕಾಲಮ್ಮುಗಳಲ್ಲಿ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ ಜ್ಯಾಸ್ತಿ.

ಹೀಗಾಗಿ ನಾವು ಕಲಿತ ರೀತಿ ಬೇರೆ. ಆರಿದ್ರಾ, ಪುನರ್ವಸು ಮಳೆಯ ಹೊಳವಿನಲ್ಲಿ ಒಂದು ಸಲ, ಹುಬ್ಬಿ, ಉತ್ತರಿಯಲ್ಲಿ ಇನ್ನೊಂದು ಸಲ ಕಾಂಗ್ರೆಸ್ ಕಸವನ್ನಷ್ಟೇ ಆರಿಸಿ ಕೀಳುವುದು. ಸಸಿಯ ಸುತ್ತ ಎರಡಡಿ ಮಾತ್ರ ಪೂರ್ತಿ ಸ್ವಚ್ಛ ಮಾಡುವುದು; ಸಾಲುಗಳ ನಡುವಿನ ಕರಿಕೆ, ಹುಲ್ಲು ಮುಟ್ಟದೆ ಬಿಡುವುದು. ಸ್ವಾತಿ ಮಳೆ ಮುಗಿದ ಮೇಲೆ ಕಸದ ಕೆಲಸ ಬಂದ್, ಬೇಲಿಯ ಕೆಲಸ ಶುರು. ಕಾಯಿ ಹಿಡಿಯದ ಬಳ್ಳಾರಿ ಜಾಲಿಯ ಟೊಂಗೆಯನ್ನೇ ತಂದು ಒಂದೊಂದು ಸಸಿಗೂ ತೊಡೆಯೆತ್ತರ ಮುಳ್ಳಿನ ಸುತ್ತು ಹಾಕುವುದು. ಜಾಲಿಯನ್ನು ಅಗೆಯುವುದಾದರೆ ಸಸಿಯ ಸಾಲಿಗೆ ಹತ್ತಿರದ್ದು ಮೊದಲು, ಅಂಚಿನದ್ದು ಕೊನೆಗೆ, ಒಂದು ವರ್ಷಕ್ಕೆ ಒಂದು ತುಂಡು. ಮರೆಯನ್ನು ಒಮ್ಮೆಲೇ ಕಿತ್ತುಕೊಂಡರೆ ಮೊಲ ಪಕ್ಕದವರ ಹೊಲಕ್ಕೆ ನುಗ್ಗುತ್ತದೆ, ಹಕ್ಕಿಗೂ ಗೂಡಿಲ್ಲ. ಕೋಳಿ ಜಾಲರಿ ಸಿಕ್ಕ ಕಡೆ ಇನ್ನೂ ಒಳ್ಳೆಯದು. ಒಂದಂಗುಲಕ್ಕಿಂತ ಸಣ್ಣ ಕಣ್ಣು, ಎರಡೂವರೆ ಅಡಿ ಎತ್ತರ, ಕೆಳಗೆ ಕೊಂಚ ಮಣ್ಣಲ್ಲಿ ಹೂತಿರಬೇಕು. ಗಿಡ ಎದ್ದ ಮೇಲೆ ಅದನ್ನು ಬಿಚ್ಚಿ ಮುಂದಿನ ಸಸಿಗೆ ಹಾಕಬಹುದು. ನರ್ಸರಿಯವರು ಸಣ್ಣ ಚೀಲದ ಗೇಣುದ್ದದ ಸಸಿ ಸಾವಿರ ಕೊಡುವ ಬದಲು 8x12 ಅಂಗುಲದ ಚೀಲದ ಎತ್ತರದ ಸಸಿ ಕಾಲು ಭಾಗ ಕೊಟ್ಟರೂ ನಮಗೆ ಲಾಭವೇ.

ಕಳೆನಾಶಕದ ಬಗ್ಗೆ ಒಂದು ಮಾತು. ಗ್ಲೈಫೋಸೇಟ್ ಅನ್ನು ಅಧಿಕೃತ ಕೀಟನಿಯಂತ್ರಣ ನಿರ್ವಾಹಕರು ಮಾತ್ರ ಬಳಸಬೇಕು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿರ್ಬಂಧಿಸಿತು. ಅಂಗಡಿಯಲ್ಲಿ ಅದು ಈಗಲೂ ಕಡಲೆಪುರಿಯಷ್ಟೇ ಸಲೀಸು. ಹಳ್ಳದ ದಂಡೆಗೆ, ಕುರಿ ನೀರು ಕುಡಿಯುವ ಜಾಗಕ್ಕೆ ಅದು ಬರಬಾರದು ಎಂದು ತಮ್ಮ ಕಡೆಯಿಂದ ಸ್ಪಷ್ಟವಾಗಿ ಹೋಗಲಿ.

ಇಷ್ಟು ಸಣ್ಣ ಕೆಲಸಕ್ಕೆ ಜಿಲ್ಲಾಧಿಕಾರಿಯೇ ಯಾಕೆ ಬೇಕು ಎಂದು ತಾವು ಕೇಳಬಹುದು. ನಮ್ಮಂಥ ಊರುಗಳು ಎತ್ತಲೂ ಸೇರದೆ ಉಳಿದಿರುವುದೇ ಕಾರಣ. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಒಂದಾಗಿ ಪಾಲಿಕೆಯಾದಾಗ ಸುತ್ತಲಿನ ಹಳ್ಳಿಗಳೂ ಅದರೊಳಗೆ ಸೇರಿದವು. ನೋಡಲು ಹಳ್ಳಿ, ಕಾಗದದಲ್ಲಿ ಮಹಾನಗರ. ಪಾಲಿಕೆಯ ಮಿತಿಯೊಳಗಿನ ಊರಿಗೆ ಗ್ರಾಮ ಪಂಚಾಯಿತಿ ಇಲ್ಲ. ಪಂಚಾಯಿತಿ ಇಲ್ಲವೆಂದರೆ ಉದ್ಯೋಗ ಖಾತ್ರಿಯ ಕೂಲಿ ಇಲ್ಲ. ಪಕ್ಕದ ಪಂಚಾಯಿತಿಯ ಊರುಗಳಲ್ಲಿ ಅದೇ ಕೂಲಿಯಲ್ಲಿ ತಗ್ಗು ತೋಡುತ್ತಾರೆ, ನೀರು ಹಾಕುತ್ತಾರೆ. 1993ರ ಜಂಟಿ ಅರಣ್ಯ ಯೋಜನೆಯ ಆದೇಶದಿಂದ ಹುಟ್ಟಿದ ಗ್ರಾಮ ಅರಣ್ಯ ಸಮಿತಿಗಳು ಕಾಡಿನಂಚಿನ ಊರುಗಳಿಗೆ ಒಗ್ಗಿದವು. ನಮ್ಮದು ಕಾಡಲ್ಲ. ಪಾಲಿಕೆಗೆ ಹೋದರೆ ಉದ್ಯಾನ ವಿಭಾಗ, ಅದಕ್ಕೆ ಬೇಕಾದದ್ದು ಬೇಲಿ ಇರುವ ಪಾರ್ಕು. ಕಂದಾಯಕ್ಕೆ ಹೋದರೆ ಅದು ಹಳ್ಳ, ಅರಣ್ಯಕ್ಕೆ ಹೋದರೆ ಅದು ಕಂದಾಯ. ಈ ಎಲ್ಲ ಕಚೇರಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಬಲ್ಲವರು ಜಿಲ್ಲೆಯಲ್ಲಿ ತಾವೊಬ್ಬರೇ.

ಹೊಸ ಯೋಜನೆ ಕಟ್ಟುವುದೂ ಬೇಕಿಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನ ಹೊಲದಲ್ಲಿ ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಕೊಡುತ್ತಾರೆ. ಹಚ್ಚಿದ್ದಕ್ಕಲ್ಲ, ಉಳಿಸಿದ್ದಕ್ಕೆ. ಸರ್ಕಾರದ ಯೋಜನೆಗಳಲ್ಲಿ ನನಗೆ ಮನಸ್ಸಿಗೆ ಬಂದ ಕೆಲವೇ ಕೆಲವು ಸಾಲುಗಳಲ್ಲಿ ಇದೊಂದು. ಅದೇ ನಿಯಮವನ್ನು ಸಾರ್ವಜನಿಕ ಜಾಗ ಕಾಯುವ ಗುಂಪುಗಳಿಗೂ ಹಚ್ಚಿ, ಮೂರು ವರ್ಷವನ್ನು ಐದು ಮಾಡಿ. ಎರೆಯಲ್ಲಿ ಬೇವು, ಬನ್ನಿ ಮೊಲದ ಬಾಯಿಗೆ ಎಟುಕದಷ್ಟು ಎತ್ತರಕ್ಕೂ ಕಸದ ನೆರಳಿನಿಂದ ಮೇಲಕ್ಕೂ ಏಳಲು ಮೂರು ವರ್ಷ ಸಾಲದು. ವರ್ಷಕ್ಕೆ ಕಂತು ಮೂರು ಸಾಕು. ಒಂದು ಆರಿದ್ರಾ ಹೊತ್ತಿಗೆ, ಒಂದು ಹುಬ್ಬಿಗೆ, ಒಂದು ಸ್ವಾತಿ ಮುಗಿದ ಮೇಲೆ ಬೇಲಿಗೆ. ಹಣ ಸ್ವಸಹಾಯ ಗುಂಪಿನ ಖಾತೆಗೆ ಹೋಗಲಿ, ಲೆಕ್ಕ ನೋಡಲು ಅರಣ್ಯ ಇಲಾಖೆಯವರು ಮೇ ತಿಂಗಳಲ್ಲಿ ಬರಲಿ. ಮೇ ತಿಂಗಳ ಬಿಸಿಲಿನಲ್ಲಿ ಎಣಿಸಿದ್ದು ನಿಜವಾದ ಎಣಿಕೆ.

ಜನಕ್ಕೆ ಏನು ಗೊತ್ತು ಎನ್ನುವ ಮಾತು ಬಂದರೆ, ತಮ್ಮದೇ ಜಿಲ್ಲೆಯ ಇತಿಹಾಸ ಒಂದಿದೆ. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿ, ಸಿ ಮತ್ತು ಡಿ ವರ್ಗದ ಸುಮಾರು 30,000 ಹೆಕ್ಟೇರ್ ಜಮೀನನ್ನು ನೀಲಗಿರಿ ಬೆಳೆಯಲು ಅದಕ್ಕೆ ಬಿಡಲು ಹೊರಟಿತು. ಜನ ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ನೆಲ ಅದು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಧಾರವಾಡದ ಸಮಾಜ ಪರಿವರ್ತನಾ ಸಮುದಾಯದ ಮುಂದಾಳತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದರು. ಕುಸನೂರು ಈಗ ಹಾವೇರಿ ಜಿಲ್ಲೆ, ಆಗ ಧಾರವಾಡವೇ. ಆ ಕಂಪನಿ 1991ರಲ್ಲಿ ಮುಚ್ಚಿತು. ಯಾವ ಗಿಡ ಕೀಳಬೇಕು, ಯಾವುದನ್ನು ಉಳಿಸಬೇಕು ಎಂಬುದು ಈ ಸೀಮೆಯ ರೈತರಿಗೆ ಆಗಲೇ ಗೊತ್ತಿತ್ತು. ಅಂದು ಅದನ್ನು ಸತ್ಯಾಗ್ರಹ ಮಾಡಿ ಹೇಳಬೇಕಾಯಿತು. ಈಗ ಪತ್ರ ಬರೆದರೆ ಸಾಕಾಗಲಿ ಎಂಬ ಆಸೆ.

ದಕ್ಷಿಣದಲ್ಲೂ ಇಂಥದ್ದೇ ಆಗಿದೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಅಲ್ಲಿನ ಸೋಲಿಗ ಆದಿವಾಸಿಗಳು ನೆಲದ ತರಗಿಗೆ ಹಚ್ಚುತ್ತಿದ್ದ ತರಗುಬೆಂಕಿ ನಿಂತಿತು, ಆಮೇಲೆ ಲಂಟಾನ ಕಾಡನ್ನು ತುಂಬಿತು ಎಂದು ಅವರು ಹೇಳುತ್ತ ಬಂದರು. ಸಂಶೋಧಕರು ಅದನ್ನು ಕಿವಿಗೊಟ್ಟು ಕೇಳಲು ಎಷ್ಟೋ ವರ್ಷ ಹಿಡಿಯಿತು. ನಮ್ಮ ಹಳ್ಳಕ್ಕೆ ಬೆಂಕಿ ಬೇಡ, ಆ ಮಾತು ಇಲ್ಲಿಗೆ ಹೊಂದುವುದಿಲ್ಲ. ಕಿವಿಗೊಡುವ ಭಾಗ ಹೊಂದುತ್ತದೆ.

ಕೊನೆಯದಾಗಿ ಒಂದು ಆಮಂತ್ರಣ. ಜೂನ್ 5ರಂದು ತಮಗೆ ಹತ್ತು ಕಡೆ ಕರೆ ಇರುತ್ತದೆ, ಆ ದಿನ ನಮ್ಮಲ್ಲಿಗೆ ಬರುವುದು ಬೇಡ. ಮೃಗಶಿರಾ ಇನ್ನೂ ಕೂಡಿರುವುದಿಲ್ಲ, ನೆಲ ಬಿರಿದೇ ಇರುತ್ತದೆ, ಸಸಿ ಹಚ್ಚಿದರೂ ನಿಲ್ಲುವುದಿಲ್ಲ. ಹುಬ್ಬಿ ಮಳೆಯಲ್ಲಿ, ಹೊಳವು ಬಿದ್ದ ಒಂದು ಬೆಳಗ್ಗೆ ಬನ್ನಿ. ಅರಣ್ಯದವರನ್ನೂ ಪಾಲಿಕೆಯವರನ್ನೂ ಜೊತೆಗೆ ಕರೆತನ್ನಿ, ನೆಲ ಯಾರದು ಎಂಬ ಮಾತು ದಂಡೆಯ ಮೇಲೆ ನಿಂತೇ ತೀರಲಿ. ಓರೆಯಾಗಿ ಕಡಿದ ಸಸಿಯನ್ನು ತೋರಿಸುತ್ತೇವೆ, ಪಕ್ಕದಲ್ಲೇ ಮುಳ್ಳಿನ ಸುತ್ತಿನೊಳಗೆ ಉಳಿದದ್ದನ್ನೂ ತೋರಿಸುತ್ತೇವೆ. ತೋಳು ಪೂರ್ತಿ ಇರುವ ಅಂಗಿ ಹಾಕಿಕೊಂಡು ಬರಬೇಕೆಂದು ವಿನಂತಿ, ಕಾಂಗ್ರೆಸ್ ಕಸ ದೊಡ್ಡವರು ಸಣ್ಣವರು ಎಂದು ನೋಡುವುದಿಲ್ಲ. ಕೈಗವಸು ಮಾತ್ರ ತಾವೇ ತರಬೇಕು, ನಮ್ಮ ಬಳಿ ಇರುವುದು ಕೀಳುವವರಿಗೇ ಸಾಲುತ್ತಿಲ್ಲ.

ತಮ್ಮ ವಿಶ್ವಾಸಿ,
ಹಳ್ಳದ ದಂಡೆ ಕಾಯುವವರ ಪರವಾಗಿ
ಗಬ್ಬೂರಿನ ಒಬ್ಬ ನಿವಾಸಿ